ಲಂಬ ಎಳೆದರೆ ಸಾಕೆ?

ಬಿಂದುವೊಂದರಿಂದ ಸರಳರೇಖೆಗೆ ಅತಿ ಸಮೀಪದ ಬಿಂದು ಬೇಕಾದರೆ ಲಂಬ ಎಳೆಯಿರಿ ಎಂದು ಕಲಿಸುತ್ತೇವೆ. ಸರಿಯೇ. ಆದರೆ ಅದನ್ನೇ ವಕ್ರರೇಖೆಗಳಿಗೂ ಎಚ್ಚರಿಕೆ ಹೇಳದೆ ದಾಟಿಸಿಬಿಡುತ್ತೇವೆ. ನನ್ನ ಆಕ್ಷೇಪ ಇದಕ್ಕೆ.

ವೈ = ಎಕ್ಸ್² ಪರವಲಯವನ್ನು ತೆಗೆದುಕೊಳ್ಳಿ. (0, 2) ಬಿಂದುವಿನಿಂದ ನೇರ ಕೆಳಗಿಳಿದರೆ ಶೃಂಗದಲ್ಲಿ ಲಂಬ ಸಿಗುತ್ತದೆ. ದೂರ 2, ಅವಕಲನವೂ ಸೊನ್ನೆ. ಇಷ್ಟಕ್ಕೇ ನಿಲ್ಲಿಸಿದ ಉತ್ತರಪತ್ರಿಕೆಗಳನ್ನು ಬೇಕಾದಷ್ಟು ನೋಡಿದ್ದೇನೆ. ವಾಸ್ತವವಾಗಿ ಆಸುಪಾಸಿನ ಬಿಂದುಗಳಿಗೆ ಹೋಲಿಸಿದರೆ ಶೃಂಗದ ದೂರ ಗರಿಷ್ಠ! ಎಕ್ಸ್² = 1.5 ಆಗುವ ಎರಡು ಬಿಂದುಗಳು ಸುಮಾರು 1.32ರಷ್ಟು ದೂರದಲ್ಲೇ ಇವೆ. ಉತ್ತರ ಬೇರೆ, ಅದೂ ಎರಡು.

ಇಂಥ ತೊಡಕು ಪೀನವಲ್ಲದ ಗಣಗಳಿಗೆ ಅಂಟಿಕೊಂಡೇ ಇದೆ. ಸಮತಲದ ಪ್ರತಿ ಬಿಂದುವಿಗೂ ಒಂದು ಗಣದಲ್ಲಿ ಒಂದೇ ಒಂದು ಸಮೀಪಬಿಂದು ಇದ್ದರೆ ಆ ಗಣ ಪೀನವಾಗಿರಲೇಬೇಕೆಂದು ಬಂಟ್ (1934), ಮೋಟ್ಸ್‌ಕಿನ್ (1935) ಸಾಧಿಸಿದರು.

ಇದು ಬರೀ ಗಣಿತದ ಹಟವಲ್ಲ. ತೀವ್ರತೆಯನ್ನಷ್ಟೇ ಅಳೆದು ತರಂಗದ ಫೇಸ್ ಹುಡುಕುವ ಗರ್ಚ್‌ಬರ್ಗ್–ಸ್ಯಾಕ್ಸ್‌ಟನ್ ವಿಧಾನ (1972) ಪೀನವಲ್ಲದ ಗಣಗಳಲ್ಲಿ ಸಮೀಪಬಿಂದುಗಳನ್ನು ಮತ್ತೆ ಮತ್ತೆ ಹುಡುಕುತ್ತದೆ. ಕೆಲವೊಮ್ಮೆ ತಪ್ಪು ಚಿತ್ರದಲ್ಲೇ ಸಿಕ್ಕಿಕೊಳ್ಳುತ್ತದೆ. ಅವಕಲನ ಸೊನ್ನೆಯಾದೊಡನೆ ಲೇಖನಿ ಕೆಳಗಿಡುವ ವಿದ್ಯಾರ್ಥಿ ಆ ಚಿತ್ರವನ್ನು ನಂಬದಿರುತ್ತಾನೆಯೆ?

ಮುಂದಿನ ಬಾರಿ ತರಗತಿಯಲ್ಲಿ (0, 2) ಜೊತೆಗೆ (0, 1/4) ಅನ್ನೂ ಕೊಟ್ಟುನೋಡಿ. ಅಲ್ಲಿ ಶೃಂಗವೇ ಸರಿಯುತ್ತರ. ಬದಲಾವಣೆ ಆಗುವುದು (0, 1/2)ರಲ್ಲಿ. ಏಕೆಂದು ಶೃಂಗದ ವಕ್ರತಾ ತ್ರಿಜ್ಯವನ್ನು ಲೆಕ್ಕಹಾಕಿ ಅವರೇ ಹೇಳಲಿ.