ಸುಳ್ಳು ಯಾರದು, ತೀರ್ಪು ಯಾರದು?

ಬೆಳಗಾವಿಯಿಂದ ಖಾನಾಪುರದ ಕಡೆ ಹೊರಟರೆ ಟಿಳಕವಾಡಿಯಲ್ಲಿ ವ್ಯಾಕ್ಸಿನ್ ಡಿಪೋ ಸಿಗುತ್ತದೆ. ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಜಾಗವದು. ಇದೇ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ 2022ರ ಜನವರಿಯಲ್ಲಿ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಬಳಿಕ ಮೂರು ಕಂದಮ್ಮಗಳು ತೀರಿಕೊಂಡವು. ಲಸಿಕೆಯನ್ನು ಹೋಟೆಲಿನ ಫ್ರಿಜ್ಜಿನಲ್ಲಿ ಇಡಲಾಗಿತ್ತೆಂದು ಪ್ರಾಥಮಿಕ ತನಿಖೆಯಲ್ಲಿ ಹೊರಬಂತು. ‘ಸೂಜಿಯಿಂದಲೇ ಕೂಸು ಹೋಯಿತು’ ಎಂದು ಆ ದಿನ ತಾಯಿಯೊಬ್ಬಳು ಅತ್ತಿದ್ದರೆ ಅದು ವದಂತಿಯೋ, ದೂರೋ?

ಲಸಿಕೆಯನ್ನು ನಾವು ದೂರುತ್ತಿಲ್ಲ. ಪೋಲಿಯೊ ಹನಿಯಿಂದ ಸಂತಾನ ನಿಲ್ಲುತ್ತದೆಂದು ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಹಬ್ಬಿಸಿದ ಸುಳ್ಳಿಗೆ ನಮ್ಮ ಮಕ್ಕಳ ಕಾಲುಗಳೇ ಬೆಲೆ ತೆತ್ತವು. ಅಂಥದ್ದಕ್ಕೆ ವಾಕ್ ಸ್ವಾತಂತ್ರ್ಯದ ಹೊದಿಕೆ ಹೊದಿಸಲು ನಾವು ಸಿದ್ಧರಿಲ್ಲ. ಖಾನಾಪುರದ ಕಾಡಿನ ಹಳ್ಳಿಗಳಿಗೆ ಮಳೆಯಲ್ಲಿ ಲಸಿಕೆ ಪೆಟ್ಟಿಗೆ ಹೊತ್ತು ನಡೆಯುವ ಕಾರ್ಯಕರ್ತೆಯ ಶ್ರಮವನ್ನು ಒಂದು ವಾಟ್ಸ್ಆ್ಯಪ್ ಸಂದೇಶ ಹಾಳುಗೆಡವಬಲ್ಲದು.

ಆದರೆ ಕಾನೂನು ಈಗಾಗಲೇ ಇದೆ. ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ವದಂತಿಕೋರನಿಗೆ 3 ವರ್ಷದವರೆಗೆ ಸಜೆ ವಿಧಿಸುತ್ತದೆ. ಸಕಾರಣವಾಗಿ ನಂಬಿ, ಸದ್ಭಾವನೆಯಿಂದ ಆಡಿದವನನ್ನು ಬಿಟ್ಟುಬಿಡುತ್ತದೆ. 2025ರ ಜೂನ್‌ನಲ್ಲಿ ಹೊರಬಂದ ರಾಜ್ಯದ ಕರಡು ಮಸೂದೆಯೋ, ಸುಳ್ಳು ಸುದ್ದಿಯ ಸಜೆಯನ್ನು 7 ವರ್ಷಕ್ಕೆ ಏರಿಸಿ, ಅದರ ಮೇಲಿನ ಪ್ರಾಧಿಕಾರಕ್ಕೆ ಸಚಿವರನ್ನೇ ಅಧ್ಯಕ್ಷರನ್ನಾಗಿ ಕೂರಿಸಿತ್ತು. ರಾಮದುರ್ಗದಲ್ಲಿ ಉತ್ತರ ಹೇಳಬೇಕಾಗಿದ್ದದ್ದು ಸರ್ಕಾರದ ಇಲಾಖೆಯೇ. ಆ ತಾಯಿಯ ಮಾತು ಸುಳ್ಳೋ ನಿಜವೋ ಎಂದು ತೂಗುವ ತಕ್ಕಡಿಯೂ ಅವರ ಕೈಯಲ್ಲೇ ಇರಬೇಕೆ?