ಕುಬಟೂರು: ಚಂದ್ರಹಾಸನ ಐತಿಹ್ಯ ಮತ್ತು ಗೇಣಿದಾರರ ಚರಿತ್ರೆ

ಸೊರಬ ತಾಲ್ಲೂಕಿನ ಕುಬಟೂರನ್ನು ಐತಿಹ್ಯವು ಚಂದ್ರಹಾಸನ ಕುಂತಳನಗರವೆಂದು ಗುರುತಿಸುತ್ತದೆ. ಲಕ್ಷ್ಮೀಶನ 'ಜೈಮಿನಿ ಭಾರತ'ದಿಂದ ಕನ್ನಡಿಗರಿಗೆ ಚಿರಪರಿಚಿತವಾದ ಈ ಕಥೆಯಲ್ಲಿ, ಮಂತ್ರಿ ದುಷ್ಟಬುದ್ಧಿಯ ಓಲೆಯಲ್ಲಿದ್ದ 'ವಿಷ'ವನ್ನು ಅವನ ಮಗಳೇ 'ವಿಷಯೆ' ಎಂದು ತಿದ್ದುತ್ತಾಳೆ. ಕೊಲೆಗೆ ಗುರಿಯಾಗಿದ್ದ ಅನಾಥನು ಅಳಿಯನಾಗಿ, ಮುಂದೆ ಅರಸನಾಗುತ್ತಾನೆ.

ಇದೇ ಊರಿನಲ್ಲಿ ದೀವರ ಸಮುದಾಯದಲ್ಲಿ ಜನಿಸಿದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. ಈ ಏಳಿಗೆಯನ್ನು ಚಂದ್ರಹಾಸನ ಕಥೆಯ ಮರುಕಳಿಕೆಯೆಂದು ಓದುವ ಆಕರ್ಷಣೆ ಸಹಜವಾದುದೇ. ಆದರೆ ಅಂತಹ ಓದು ಪ್ರಜಾಸತ್ತೆಯನ್ನು ದೈವಕೃಪೆಯನ್ನಾಗಿ ಮಾರ್ಪಡಿಸುತ್ತದೆ.

ಮಲೆನಾಡಿನ ಗೇಣಿದಾರರಿಗೆ ಯಾರೂ ಓಲೆ ತಿದ್ದಿಕೊಡಲಿಲ್ಲ. 1951ರಲ್ಲಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ, ಬಹುತೇಕ ದೀವರೇ ಆಗಿದ್ದ ಗೇಣಿದಾರರು ಗೇಣಿ ಅಳೆಯುವ ಕೊಳಗದ ಗಾತ್ರವನ್ನು ಪ್ರಶ್ನಿಸಿ ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಬಂಧಿತರಾದರು. 1967ರಲ್ಲಿ ಸೊರಬದಿಂದ ಬಂಗಾರಪ್ಪನವರು ಗಳಿಸಿದ ಮೊದಲ ಗೆಲುವು ಈ ಸಮಾಜವಾದಿ ನೆಲೆಯಲ್ಲೇ ಮೂಡಿದ್ದು. ದೇವರಾಜ ಅರಸರ ಆಡಳಿತದ 1974ರ ಭೂಸುಧಾರಣೆಯು ಗೇಣಿದಾರನಿಗೆ ಒಡೆತನದ ಹಕ್ಕಿನ ದಾರಿ ತೆರೆಯಿತು.

ಐತಿಹ್ಯವು ಒಬ್ಬ ಅರಸನನ್ನು ನೆನೆಯುತ್ತದೆ; ಭತ್ತ ಅಳೆದುಕೊಟ್ಟ ನೂರಾರು ಒಕ್ಕಲುಗಳನ್ನು ಅದು ಕಾಣದು. ನಮ್ಮ ಜಾನಪದ ಕ್ಷೇತ್ರಕಾರ್ಯವು ಅರಸನ ಕಥೆಗೆ ತೋರಿದ ಶ್ರದ್ಧೆಯನ್ನು ಕೊಳಗದ ನೆನಪುಗಳಿಗೂ ತೋರಬೇಕಾಗಿದೆ. ಆ ಅಳತೆಯನ್ನು ಕಣ್ಣಾರೆ ಕಂಡ ತಲೆಮಾರು ಮರೆಯಾಗುತ್ತಿರುವುದರಿಂದ ಈ ಕೆಲಸ ವಿಳಂಬವನ್ನು ಸಹಿಸದು.