‘ಒಲೆಯ ದಕ್ಷತೆ’ ಎಂಬ ಪ್ರಯೋಗದ ವಿಮರ್ಶೆ

ಬೆಂಗಳೂರಿನ ಉತ್ತರದಲ್ಲಿ ಹೆಬ್ಬಾಳದ ಕೃಷಿವಿದ್ಯಾಲಯಕ್ಕೂ ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆಗೂ ಕೆಲವೇ ಮೈಲಿಗಳ ಅಂತರವಿರುವುದು. ಆ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗದವರು ಮುಂದೆ ಮೂರು ಪಾತ್ರೆಗಳನ್ನಿಡುವ, ಜಾಲರಿಯೂ ಹೊಗೆಕೊಳವೆಯೂ ಉಳ್ಳ ಒಲೆಯೊಂದನ್ನು ರೂಪಿಸಿದರು. ಇಂತಹ ಒಲೆಗಳ ಗುಣವನ್ನು ಹೇಳುವಾಗ ಕನ್ನಡದಲ್ಲಿ ‘ದಕ್ಷತೆ’ ಎಂಬ ಶಬ್ದವನ್ನು ಬಳಸುವರು. ಶಬ್ದವೇನೋ ಸಾಧುವೇ, ಅದರ ಅರ್ಥವು ನಿಶ್ಚಿತವಾಗಿದೆಯೇ ಎಂಬುದು ವಿಚಾರಣೀಯ.

ದಕ್ಷತೆಯು ಕರ್ತೃವಿನ ಧರ್ಮ. ಒಲೆಯಾದರೋ ಪಾಕಕ್ರಿಯೆಗೆ ಅಧಿಕರಣ. ಆದರೂ ಇದು ದೋಷವಲ್ಲ. ಸ್ಥಾಲಿಯೇ ಬೇಯಿಸುತ್ತದೆ, ಕಟ್ಟಿಗೆಯೇ ಬೇಯಿಸುತ್ತದೆ ಎಂಬ ಪ್ರಯೋಗಗಳು ವಿವಕ್ಷೆಯಿಂದ ವೈಯಾಕರಣರಿಗೆ ಸಮ್ಮತವಾಗಿಯೇ ಇವೆ. ದೋಷವಿರುವುದು ಲಕ್ಷಣದಲ್ಲಿ.

ಸೌದೆಯಿಂದ ಹುಟ್ಟಿದ ಶಾಖದಲ್ಲಿ ನೀರಿಗೆ ಸೇರಿದ ಭಾಗವೇ ದಕ್ಷತೆಯೆಂಬುದು ಪ್ರಸಿದ್ಧವಾದ ಲಕ್ಷಣ. ಉದಾಹರಣೆಗೆ, 1 ಕಿಲೋ ಸೌದೆಯಿಂದ 4,000 ಕಿಲೋಕ್ಯಾಲೊರಿ ಶಾಖ ಹುಟ್ಟಿತೆಂದು ಇಟ್ಟುಕೊಳ್ಳೋಣ. 5 ಕಿಲೋ ನೀರು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಲು 375 ಬೇಕು. ಅದರಲ್ಲಿ 1 ಕಿಲೋ ಆವಿಯಾಗಿ ಹೋದರೆ ಇನ್ನೂ 540 ಸೇರುವುದು. ಒಟ್ಟು 915, ನೂರಕ್ಕೆ ಸುಮಾರು 23. ಈ ಫಲದಲ್ಲಿ ಅರ್ಧಕ್ಕಿಂತ ಹೆಚ್ಚು ಆವಿಯದು! ಆವಿಯಿಂದ ಯಾರ ಹೊಟ್ಟೆಯೂ ತುಂಬದು. ಉರಿಯನ್ನು ವೃಥಾ ಹೆಚ್ಚಿಸಿದಷ್ಟೂ ಒಲೆಗೆ ಕೀರ್ತಿ ಬರುವುದಾದರೆ ಇದು ಸ್ಪಷ್ಟವಾದ ಅತಿವ್ಯಾಪ್ತಿ.

1991ರ ಭಾರತೀಯ ಮಾನಕವು (ಐ.ಎಸ್. 13152) ಈ ದೋಷವನ್ನು ಜಾಣತನದಿಂದ ತಪ್ಪಿಸಿರುವುದು: ನೀರು 95 ಡಿಗ್ರಿಗೆ ಬಂದೊಡನೆ ಪಾತ್ರೆಯನ್ನು ಇಳಿಸಿ ಬೇರೊಂದನ್ನಿಡಬೇಕು. ಆದರೆ ಇಲ್ಲಿ ಅವ್ಯಾಪ್ತಿಯು ತಲೆದೋರುತ್ತದೆ. ಹೆಬ್ಬಾಳ, ಯಲಹಂಕಗಳ ಕಡೆಯ ಮನೆಯಲ್ಲಿ ರಾಗಿಮುದ್ದೆ ಮಾಡುವ ಗೃಹಿಣಿಯು ಎಸರು ಕುದಿದ ಮೇಲೆ ಹಿಟ್ಟು ಸುರಿದು, ಸೌದೆಯನ್ನು ಹಿಂದಕ್ಕೆಳೆದು, ಸಣ್ಣ ಉರಿಯಲ್ಲಿ ಬೇಯಿಸಿ ತಿರುವುವಳು. ಬೇಳೆಯೂ ಹಾಗೆಯೇ. ಸೌದೆ ಉಳಿಯುವುದೂ ಹಾಳಾಗುವುದೂ ಬಹುಮಟ್ಟಿಗೆ ಆ ಸಣ್ಣ ಉರಿಯ ಹೊತ್ತಿನಲ್ಲಿ. ಪರೀಕ್ಷಕನಾದರೋ ಅಷ್ಟರಲ್ಲಿ ಪಾತ್ರೆ ಬದಲಿಸಿರುತ್ತಾನೆ. ಸೌದೆ ಹಸಿಯಾಗಿದ್ದರೆ ಅದರೊಳಗಿನ ನೀರನ್ನು ಹಾರಿಸುವುದಕ್ಕೇ ಶಾಖ ಸಲ್ಲುವುದೆಂಬುದು ಬೇರೆ ಮಾತು.

1985ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರೀಕ್ಷಾಕ್ರಮದಲ್ಲಿ ನೀರು ಕುದಿಸುವುದು, ನಿಯತವಾದ ಅಡುಗೆ ಮಾಡುವುದು, ಮನೆಯಲ್ಲಿ ದಿನನಿತ್ಯದ ಖರ್ಚನ್ನು ತೂಗುವುದು ಎಂದು ಮೂರು ಪರೀಕ್ಷೆಗಳನ್ನು ಬೇರೆಬೇರೆಯಾಗಿಯೇ ಹೇಳಿದೆ. ಮೊದಲನೆಯದರಲ್ಲಿ ಗೆದ್ದ ಒಲೆ ಮೂರನೆಯದರಲ್ಲಿ ಸೋಲಬಹುದು. ಈ ಮೂರಕ್ಕೂ ಕನ್ನಡದಲ್ಲಿ ‘ದಕ್ಷತೆ’ಯೊಂದನ್ನೇ ಬಳಸಿದರೆ, ಸೌದೆ ಹೊರುವ ಹೆಂಗಸಿಗೆ ನೂರಕ್ಕೆ ಇಷ್ಟು ಹೊರೆ ಕಡಿಮೆಯಾಯಿತೆಂದು ಓದುಗನು ಭ್ರಮಿಸುವುದು ಸಹಜ. ಆದಕಾರಣ ಮೊದಲನೆಯದಕ್ಕೆ ‘ತಾಪದಕ್ಷತೆ’ಯೆಂದೂ, ಎರಡನೆಯದಕ್ಕೆ ‘ಪಾಕವ್ಯಯ’ವೆಂದೂ, ಮೂರನೆಯದಕ್ಕೆ ‘ಮನೆಯ ಸೌದೆವೆಚ್ಚ’ವೆಂದೂ ಹೇಳುವುದು ಯುಕ್ತ. ಕೊನೆಯದನ್ನು ಅಳೆಯಲು ಉಷ್ಣಮಾಪಕವೂ ಬೇಡ. ಬೆಳಗ್ಗೆ ಸೌದೆಯ ರಾಶಿಯನ್ನು ತೂಗಿ, ಮರುದಿನ ಉಳಿದುದನ್ನು ತೂಗಿ, ಉಂಡವರನ್ನು ಎಣಿಸಬೇಕು. ಹೀಗೆ ಹಲವು ದಿನ ನಡೆಸಬೇಕು. ಹಬ್ಬದ ದಿನಗಳನ್ನು ಬೇರೆ ಬರೆದಿಡಬೇಕು.